ಕೊಬ್ಬಿನ ಗುಳ್ಳೆಯೊಳಗೆ ಕೆಂಪು ಮದ್ದು

ಕ್ಯಾನ್ಸರ್ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಔಷಧವನ್ನು ಮಾತ್ರ ಹೆಸರು ಕೇಳದೆಯೇ ಗುರುತಿಸಬಹುದು. ಅದರ ಬಣ್ಣ ದಾಳಿಂಬೆ ರಸದಂಥ ಕೆಂಪು. ಡಾಕ್ಸೊರುಬಿಸಿನ್ ಎಂಬುದು ಅದರ ಶಾಸ್ತ್ರೀಯ ನಾಮಧೇಯ. ಅಮೆರಿಕದ ರೋಗಿಗಳು ಅದಕ್ಕಿಟ್ಟ ಅಡ್ಡಹೆಸರು ‘ಕೆಂಪು ಪಿಶಾಚಿ’. ಚುಚ್ಚಿಸಿಕೊಂಡ ದಿನ ಮೂತ್ರವೂ ಕೆಂಪಾಗುತ್ತದೆ. ಕೆಲವು ವಾರಗಳಲ್ಲಿ ತಲೆಗೂದಲು ಉದುರುತ್ತದೆ. ಆದರೂ ಅರ್ಧ ಶತಮಾನದಿಂದ ವೈದ್ಯರು ಅದನ್ನು ಕೈಬಿಟ್ಟಿಲ್ಲ. ಸ್ತನದ ಕ್ಯಾನ್ಸರ್, ದುಗ್ಧಗ್ರಂಥಿಗಳ ಕ್ಯಾನ್ಸರ್, ಮೂಳೆಯ ಕ್ಯಾನ್ಸರ್ ಹೀಗೆ ಹಲವು ಬಗೆಯ ರೋಗಕ್ಕೆ ಅದು ಕೆಲಸ ಮಾಡುತ್ತದೆ ಎಂಬುದೇ ಕಾರಣ.

ಈ ಮದ್ದಿನ ಮೂಲ ಮಣ್ಣು. ಇಟಲಿಯ ದಕ್ಷಿಣದಲ್ಲಿ, ಏಡ್ರಿಯಾಟಿಕ್ ಸಮುದ್ರಕ್ಕೆ ಹತ್ತಿರವಿರುವ ಅಪೂಲಿಯಾ ಪ್ರಾಂತದಲ್ಲಿ, ಕಾಸ್ಟೆಲ್ ಡೆಲ್ ಮೋಂಟೆ ಎಂಬ ಎಂಟು ಮೂಲೆಯ ಕೋಟೆಯೊಂದಿದೆ. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಕಟ್ಟಿಸಿದ್ದು. ಅದರ ಸಮೀಪದ ಮಣ್ಣಿನಲ್ಲಿ ಮಿಲಾನಿನ ಫಾರ್ಮಿಟಾಲಿಯಾ ಕಂಪನಿಯ ಸಂಶೋಧಕರಿಗೆ ಕೆಂಪು ಬಣ್ಣ ಸ್ರವಿಸುವ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದರಿಂದ ಮೊದಲು ಡೌನೊರುಬಿಸಿನ್, ಅದೇ ಜೀವಿಯ ರೂಪಾಂತರ ತಳಿಯಿಂದ ಮುಂದೆ ಡಾಕ್ಸೊರುಬಿಸಿನ್ ಹುಟ್ಟಿದವು. ಎರಡನೆಯದಕ್ಕೆ ಸಮುದ್ರದ ನೆನಪಿನಲ್ಲಿ ‘ಏಡ್ರಿಯಾಮೈಸಿನ್’ ಎಂದು ಹೆಸರಿಟ್ಟರು. 1974ರಲ್ಲಿ ಅಮೆರಿಕದ ಒಪ್ಪಿಗೆಯೂ ದೊರೆಯಿತು.

ಆದರೆ ಮದ್ದು ಹೃದಯಕ್ಕೆ ಕೈಹಾಕುತ್ತದೆ ಎಂಬುದು ಆ ವೇಳೆಗಾಗಲೇ ಕಂಡುಬಂದಿತ್ತು. ಡಾಕ್ಸೊರುಬಿಸಿನ್ ವಿಭಜನೆಯಾಗುತ್ತಿರುವ ಜೀವಕೋಶದ ಡಿಎನ್ಎ ಎಳೆಗಳ ನಡುವೆ ತೂರಿ ಅದನ್ನು ಕೊಲ್ಲುತ್ತದೆ. ಕೂದಲ ಬುಡ, ಬಾಯಿಯ ಒಳಪದರ, ಮೂಳೆಯ ಮಜ್ಜೆ ಇವೆಲ್ಲ ಸದಾ ವಿಭಜನೆಯಾಗುವ ಜಾಗಗಳಾದ್ದರಿಂದ ಏಟು ತಿನ್ನುತ್ತವೆ, ಮತ್ತೆ ಚೇತರಿಸಿಕೊಳ್ಳುತ್ತವೆ. ಹೃದಯದ ಸ್ನಾಯು ಹಾಗಲ್ಲ. ಅಲ್ಲಿ ಆದ ಹಾನಿ ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ. 1979ರಲ್ಲಿ ಸುಮಾರು ನಾಲ್ಕು ಸಾವಿರ ರೋಗಿಗಳ ದಾಖಲೆಗಳನ್ನು ಜಾಲಾಡಿ ಪ್ರಕಟಿಸಿದ ಅಧ್ಯಯನವೊಂದು ಲೆಕ್ಕವನ್ನು ಸ್ಪಷ್ಟಪಡಿಸಿತು. ದೇಹದ ಹೊರಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಔಷಧ ಕೊಟ್ಟಾಗ ನೂರರಲ್ಲಿ 3 ಮಂದಿಗೆ ಹೃದಯ ಸೋಲುತ್ತದೆ. 550 ಮಿಲಿಗ್ರಾಂಗೆ 7 ಮಂದಿಗೆ. 700 ಮಿಲಿಗ್ರಾಂಗೆ 18 ಮಂದಿಗೆ. ಹೀಗಾಗಿ ಗೆಡ್ಡೆ ಕರಗುತ್ತಿದ್ದರೂ, ರೋಗಿ ಇನ್ನಷ್ಟು ಬೇಕೆಂದರೂ, ಒಂದು ಹಂತದಲ್ಲಿ ವೈದ್ಯರು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಮದ್ದು ಸಾಲದೆ ಅಲ್ಲ, ಮದ್ದು ಹೋಗಬಾರದ ಕಡೆ ಹೋಗುತ್ತದೆ ಎಂಬ ಕಾರಣಕ್ಕೆ.

ಹೋಗಬೇಕಾದ ಕಡೆಗೆ ಮಾತ್ರ ಹೋಗುವ ಮದ್ದಿನ ಕನಸು ಹಳೆಯದು. ಜರ್ಮನಿಯ ಪಾಲ್ ಎರ್ಲಿಕ್ ಬಟ್ಟೆಗೆ ಹಾಕುವ ಬಣ್ಣಗಳನ್ನು ಅಂಗಾಂಶಗಳ ಮೇಲೆ ಪ್ರಯೋಗಿಸುತ್ತಿದ್ದವರು. ಒಂದು ಬಣ್ಣ ಒಂದು ಬಗೆಯ ಕೋಶಕ್ಕಷ್ಟೇ ಅಂಟಿ ಪಕ್ಕದ್ದನ್ನು ಬಿಡುವುದು ಅವರ ಗಮನ ಸೆಳೆಯಿತು. ಬಣ್ಣ ಹೀಗೆ ಆಯ್ದುಕೊಳ್ಳಬಹುದಾದರೆ ವಿಷವೂ ಯಾಕೆ ಆಯ್ದುಕೊಳ್ಳಬಾರದು? ಜರ್ಮನ್ ಜನಪದ ಕಥೆಗಳಲ್ಲಿ ಎಂದೂ ಗುರಿ ತಪ್ಪದ ಮಾಯಾಗುಂಡು ಬರುತ್ತದೆ. ಎರ್ಲಿಕ್ ಅದೇ ಮಾತನ್ನು ಬಳಸಿದರು. ನಮ್ಮಲ್ಲಿ ಅದಕ್ಕೆ ರಾಮಬಾಣ ಎಂಬ ಮಾತು ಮೊದಲೇ ಇತ್ತು. 1910ರಲ್ಲಿ ಸಿಫಿಲಿಸ್‌ಗೆ ಅವರ ಸಾಲ್ವರ್ಸಾನ್ ಮಾರುಕಟ್ಟೆಗೆ ಬಂದಾಗ ಕನಸು ಒಂದಿಷ್ಟು ನಿಜವಾಯಿತು. ಕ್ಯಾನ್ಸರಿನ ವಿಷಯದಲ್ಲಿ ಆಗಲಿಲ್ಲ. ಕ್ಯಾನ್ಸರ್ ಕೋಶ ಹೊರಗಿನಿಂದ ಬಂದ ಶತ್ರುವಲ್ಲ, ನಮ್ಮದೇ ಕೋಶ ದಾರಿತಪ್ಪಿದ್ದು. ಬಾಣಕ್ಕೆ ಗುರುತು ಸಿಗುವುದೇ ಕಷ್ಟ.

ಬಾಣವನ್ನು ಬದಲಿಸುವುದರ ಬದಲು ಬಾಣವನ್ನು ಒಯ್ಯುವ ವಾಹನವನ್ನೇ ಬದಲಿಸಿದರೆ ಹೇಗೆ ಎಂಬ ಯೋಚನೆಗೆ ದಾರಿ ತೆರೆದದ್ದು ಕ್ಯಾನ್ಸರ್ ತಜ್ಞರಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್ ಎಂಬ ಹಳ್ಳಿಯಲ್ಲಿ ಪ್ರಾಣಿ ಶರೀರಶಾಸ್ತ್ರದ ಸಂಸ್ಥೆಯೊಂದಿತ್ತು. ಅಲ್ಲಿನ ಅಲೆಕ್ ಬ್ಯಾಂಗಮ್ ವೈದ್ಯರಾಗಿ ತರಬೇತಾದವರು, ಆಸಕ್ತಿ ರಕ್ತದ ಮೇಲೆ. ಮೊಟ್ಟೆಯ ಹಳದಿ ಭಾಗದಲ್ಲಿ ಹೇರಳವಾಗಿ ಸಿಗುವ ಲೆಸಿಥಿನ್ ಎಂಬ ಕೊಬ್ಬಿನ ವಸ್ತುವನ್ನು ಗಾಜಿನ ಮೇಲೆ ಒಣಗಿಸಿ ನೀರು ಹಾಕಿದರೆ ಅದು ಉಬ್ಬಿ, ಬಳ್ಳಿಯಂತೆ ಸುರುಳಿ ಬಿಟ್ಟು ಹರಡುತ್ತದೆ. ಅದನ್ನು 1960ರ ದಶಕದ ಆರಂಭದಲ್ಲಿ ಬ್ಯಾಂಗಮ್ ಮತ್ತು ಆರ್. ಡಬ್ಲ್ಯು. ಹಾರ್ನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕಂಡದ್ದು ಈರುಳ್ಳಿಯಂತೆ ಪದರ ಪದರವಾದ ಗುಳ್ಳೆಗಳು. ಪ್ರತಿ ಪದರವೂ ಜೀವಕೋಶದ ಹೊರಪೊರೆಯಂತೆಯೇ ಇತ್ತು. ಒಳಗೆ ನೀರು ಸಿಕ್ಕಿಹಾಕಿಕೊಂಡಿತ್ತು.

ಈ ಕೊಬ್ಬಿನ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಬೇಕು, ಬಾಲಗಳಿಗೆ ಬೇಡ. ನೀರಿಗೆ ಬಿದ್ದ ತಕ್ಷಣ ಅಣುಗಳು ಬಾಲಕ್ಕೆ ಬಾಲ ಸೇರಿಸಿ ಎರಡು ಸಾಲಾಗಿ ನಿಲ್ಲುತ್ತವೆ. ಅಂಚಿನಲ್ಲಿಯೂ ಬಾಲ ನೀರಿಗೆ ತಾಗಬಾರದಲ್ಲ, ಅದಕ್ಕಾಗಿ ಹಾಳೆ ಬಾಗಿ ಚೆಂಡಾಗುತ್ತದೆ. ಯಾರೂ ಕಟ್ಟಬೇಕಿಲ್ಲ, ತಾನೇ ಕಟ್ಟಿಕೊಳ್ಳುತ್ತದೆ. ಗೆಳೆಯರು ತಮಾಷೆಗೆ ಇದನ್ನು ‘ಬ್ಯಾಂಗಸೋಮ್’ ಎಂದರು. ಬಾಬ್ರಹಾಮಿಗೆ ಬಂದುಹೋಗಿದ್ದ ನ್ಯೂಯಾರ್ಕಿನ ವೈದ್ಯ ಜೆರಾಲ್ಡ್ ವೈಸ್‌ಮನ್ ಸೂಚಿಸಿದ ಹೆಸರು ‘ಲೈಪೋಸೋಮ್’. ಅದೇ ಉಳಿಯಿತು. ಬ್ಯಾಂಗಮ್‌ಗೆ ಬೇಕಾಗಿದ್ದು ಜೀವಕೋಶದ ಪೊರೆಯ ಗುಟ್ಟು. ಔಷಧದ ಮಾತು ಅಲ್ಲಿರಲಿಲ್ಲ.

ಗುಳ್ಳೆಯೊಳಗೆ ಮದ್ದು ತುಂಬಿ ಕಳಿಸುವ ಹಂಬಲ ಹಿಡಿದವರಲ್ಲಿ ಮುಂಚೂಣಿಯವರು ಗ್ರೀಸ್ ಮೂಲದ ಗ್ರೆಗರಿ ಗ್ರೆಗೋರಿಯಾಡಿಸ್. 1970ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಬ್ರೆಂಡಾ ರೈಮನ್ ಜೊತೆ ಅವರು ಈ ಕೆಲಸ ತೊಡಗಿದರು. 1974ರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಲೈಪೋಸೋಮ್ ವಾಹನವಾಗಬಹುದೆಂಬ ಅವರ ಲೇಖನ ‘ಲ್ಯಾನ್ಸೆಟ್’ನಲ್ಲಿ ಬಂತು. 1980ರ ದಶಕ ಹುಟ್ಟುವ ಹೊತ್ತಿಗೆ ಅಮೆರಿಕದಲ್ಲಿ ಲೈಪೋಸೋಮನ್ನೇ ನಂಬಿ ಕಂಪನಿಗಳು ತಲೆಯೆತ್ತಿದ್ದವು. ದುಡ್ಡು ಹರಿಯಿತು. ಫಲ ಕಾಣಲಿಲ್ಲ.

ಕಾರಣ ಸರಳ. ರಕ್ತಕ್ಕೆ ಬಿದ್ದ ಗುಳ್ಳೆಯನ್ನು ದೇಹ ಕಸವೆಂದೇ ತಿಳಿಯುತ್ತದೆ. ಪಿತ್ತಜನಕಾಂಗದಲ್ಲಿಯೂ ಗುಲ್ಮದಲ್ಲಿಯೂ ಕಾದು ಕುಳಿತ ಭಕ್ಷಕ ಕೋಶಗಳು ಅದನ್ನು ಕೆಲವೇ ಹೊತ್ತಿನಲ್ಲಿ ನುಂಗಿಬಿಡುತ್ತವೆ. ಗೆಡ್ಡೆ ಪಿತ್ತಜನಕಾಂಗದಲ್ಲಿಲ್ಲದಿದ್ದರೆ ಮದ್ದು ವ್ಯರ್ಥ.

ಈ ಸೋಲು ಇನ್ನೊಂದು ರೋಗಕ್ಕೆ ವರವಾದ ಕಥೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಬಿಹಾರದಲ್ಲಿ ಬಡವರನ್ನು ಕಾಡಿದ ಕಾಲಾ ಅಜಾರ್ ರೋಗದ ಪರೋಪಜೀವಿ ಅಡಗಿರುವುದು ಇದೇ ಭಕ್ಷಕ ಕೋಶಗಳಲ್ಲಿ. ಹಾಗಿದ್ದ ಮೇಲೆ ಗುಳ್ಳೆ ಅಲ್ಲಿಗೇ ಹೋಗಲಿ! ಮೂತ್ರಪಿಂಡಕ್ಕೆ ಹಾನಿ ಮಾಡುವ ಆಂಫೊಟೆರಿಸಿನ್ ಔಷಧವನ್ನು ಲೈಪೋಸೋಮಿಗೆ ಸೇರಿಸಿದಾಗ ಹಾನಿ ತಗ್ಗಿ ಗುಣ ಉಳಿಯಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾ. ಶ್ಯಾಮ್ ಸುಂದರ್ ಮತ್ತು ಸಂಗಡಿಗರು 2010ರಲ್ಲಿ, ಒಂದೇ ಒಂದು ಸಲ ಕೊಟ್ಟರೂ ನೂರಕ್ಕೆ 95ಕ್ಕಿಂತ ಹೆಚ್ಚು ರೋಗಿಗಳು ಗುಣವಾಗುವುದನ್ನು ತೋರಿಸಿದರು. ಕರ್ನಾಟಕದ ಜನ ಈ ಮದ್ದಿನ ಹೆಸರು ಕಲಿತದ್ದು 2021ರ ಮೇ ತಿಂಗಳಲ್ಲಿ, ಕೋವಿಡ್ ಹಿಂದೆಯೇ ಬಂದ ಕಪ್ಪು ಶಿಲೀಂಧ್ರದ ದಿನಗಳಲ್ಲಿ. ಚೀಟಿ ಹಿಡಿದು ಊರೂರು ಅಲೆದವರು ಹುಡುಕುತ್ತಿದ್ದದ್ದು ‘ಲೈಪೋಸೋಮಲ್ ಆಂಫೊಟೆರಿಸಿನ್’. ಬಾಬ್ರಹಾಮಿನ ಗುಳ್ಳೆಯೇ ಅದು.

ಮತ್ತೆ ಕೆಂಪು ಮದ್ದಿಗೆ ಬರೋಣ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಯೆಹೆಜ್ಕೆಲ್ ಬ್ಯಾರೆನ್‌ಹೋಲ್ಜ್ ಎಂಬ ಜೀವರಸಾಯನಜ್ಞ, ಅದೇ ಊರಿನ ಹದಾಸಾ ಆಸ್ಪತ್ರೆಯಲ್ಲಿ ಆಲ್ಬರ್ಟೊ ಗಬಿಜೋನ್ ಎಂಬ ಕ್ಯಾನ್ಸರ್ ವೈದ್ಯ. ಡಾಕ್ಸೊರುಬಿಸಿನ್ನನ್ನು ಲೈಪೋಸೋಮಿನ ಗೋಡೆಯಲ್ಲಿ ಹುದುಗಿಸಿ 1980ರ ದಶಕದ ನಡುವೆ ಅವರು ರೋಗಿಗಳ ಮೇಲೆ ಪ್ರಯೋಗ ನಡೆಸಿದರು. ಗುಳ್ಳೆ ಪಿತ್ತಜನಕಾಂಗಕ್ಕೆ ಹೋಯಿತು. ಅದಕ್ಕೂ ಮುನ್ನವೇ ಮದ್ದು ರಕ್ತದಲ್ಲಿ ಸೋರಿತು. ಆಳಾದ ವಿಜ್ಞಾನಿಗಳು ಇಂಥ ಹೊತ್ತಿನಲ್ಲಿ ವಿಷಯ ಬದಲಿಸುವುದುಂಟು. ಇವರು ಸೋಲನ್ನು ಬಿಡಿಸಿ ನೋಡಿದರು. ಬೇಕಾದದ್ದು ಮೂರು: ಗುಳ್ಳೆ ನೂರು ನ್ಯಾನೊಮೀಟರಿನೊಳಗೆ ಚಿಕ್ಕದಿರಬೇಕು, ಮದ್ದು ಒಳಗೆ ಭದ್ರವಾಗಿರಬೇಕು, ಭಕ್ಷಕ ಕೋಶಗಳ ಕಣ್ಣಿಗೆ ಬೀಳಬಾರದು. ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪ 80 ಸಾವಿರ ನ್ಯಾನೊಮೀಟರಿನ ಆಸುಪಾಸು, ಕೆಂಪು ರಕ್ತಕಣದ ಅಗಲ 7 ಸಾವಿರ.

ಮದ್ದನ್ನು ಭದ್ರಪಡಿಸಿದ ಉಪಾಯ ಚೆಂದದ್ದು. ರೈತರು ಗದ್ದೆಗೆ ಹಾಕುವ ಅಮೋನಿಯಂ ಸಲ್ಫೇಟ್ ಗೊಬ್ಬರವಿದೆಯಲ್ಲ, ಆ ಲವಣದ ದ್ರಾವಣದಲ್ಲಿಯೇ ಗುಳ್ಳೆಗಳನ್ನು ತಯಾರಿಸಿದರು. ಆಮೇಲೆ ಹೊರಗಿನ ಲವಣವನ್ನು ತೊಳೆದರು. ಒಳಗಿನ ಅಮೋನಿಯ ಅನಿಲ ಪೊರೆ ದಾಟಿ ಹೊರಬರುತ್ತದೆ, ತನ್ನ ಹಿಂದೆ ಆಮ್ಲವನ್ನು ಬಿಟ್ಟು. ಈಗ ಹೊರಗೆ ಡಾಕ್ಸೊರುಬಿಸಿನ್ ಹಾಕಿದರೆ, ವಿದ್ಯುದಂಶವಿಲ್ಲದ ಅದರ ಅಣು ಪೊರೆ ದಾಟಿ ಒಳಗೆ ಹೋಗುತ್ತದೆ. ಅಲ್ಲಿನ ಆಮ್ಲ ಅದಕ್ಕೆ ವಿದ್ಯುದಂಶ ಅಂಟಿಸುತ್ತದೆ. ಆಮೇಲೆ ಪೊರೆ ದಾಟಲಾಗದು. ಇಲಿಬೋನಿನ ಹಾಗೆ, ಹೊಕ್ಕದ್ದು ಹೊರಬರದು. ಒಳಗೆ ಮದ್ದು ಸಲ್ಫೇಟ್ ಜೊತೆ ಸೇರಿ ಕಡ್ಡಿಯಂತೆ ಹರಳುಗಟ್ಟುತ್ತದೆ. ಹಿಮಗಟ್ಟಿಸಿದ ಗುಳ್ಳೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಗೀರು ಬಿದ್ದ ಕಾಫಿಬೀಜವೇ! ಒಂದೊಂದು ಗುಳ್ಳೆಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಮದ್ದಿನ ಅಣುಗಳು.

ಕಣ್ತಪ್ಪಿಸುವ ಪಾಠವನ್ನು ಕಲಿಸಿದ್ದು ಕೆಂಪು ರಕ್ತಕಣ. ಅದು 120 ದಿನ ಯಾರ ಬಾಯಿಗೂ ಬೀಳದೆ ಸುತ್ತುತ್ತದೆ, ಮೈತುಂಬ ಸಕ್ಕರೆಯ ಜಾತಿಯ ಅಣುಗಳ ಹೊದಿಕೆ ಇರುವುದರಿಂದ. ಕೆನಡಾದ ತೆರೆಸಾ ಅಲೆನ್ ಮೊದಲಾದವರು 1987ರ ಸುಮಾರಿಗೆ ಅಂಥ ಹೊದಿಕೆಯನ್ನು ಲೈಪೋಸೋಮಿಗೂ ಹೊದಿಸಿ ನೋಡಿದರು. ಗುಳ್ಳೆಯ ಆಯಸ್ಸು ಹೆಚ್ಚಿತು. ಅದಕ್ಕಿಂತ ಅಗ್ಗವೂ ಸುಲಭವೂ ಆದ ವಸ್ತು ಪಾಲಿಎಥಿಲೀನ್ ಗ್ಲೈಕಾಲ್, ಮುಲಾಮುಗಳಲ್ಲಿ ಬಳಸುವಂಥದು. ಗುಳ್ಳೆಯ ಮೈಯಿಂದ ಕೂದಲಿನಂತೆ ಹೊರಚಾಚಿ, ಸುತ್ತ ನೀರನ್ನು ಹಿಡಿದಿಟ್ಟುಕೊಂಡು, ಯಾವ ಪ್ರೋಟೀನೂ ಹತ್ತಿರ ಸುಳಿಯದಂತೆ ಮಾಡುತ್ತದೆ. ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನ ಲೈಪೋಸೋಮ್ ಟೆಕ್ನಾಲಜಿ ಕಂಪನಿ ಇದನ್ನು ಬಳಸಿತು. ರಡಾರಿಗೆ ಸಿಗದ ಯುದ್ಧವಿಮಾನದ ಹೆಸರನ್ನೇ ಇಟ್ಟು ‘ಸ್ಟೆಲ್ತ್’ ಲೈಪೋಸೋಮ್ ಎಂದು ಕರೆಯಿತು. ಅಲ್ಲಿನ ಕೊಂಡಿ ಡಿಮಿಟ್ರಿಯೋಸ್ ಪಾಪಹಜೋಪೋಲಸ್: ಸ್ಯಾನ್‌ಫ್ರಾನ್ಸಿಸ್ಕೋದ ಪ್ರಾಧ್ಯಾಪಕ, ಯೌವನದಲ್ಲಿ ಬ್ಯಾಂಗಮ್ ಬಳಿ ಕೆಲಸ ಮಾಡಿದವರು. ಗಬಿಜೋನ್ ಅವರ ಪ್ರಯೋಗಾಲಯಕ್ಕೇ ಬಂದು ಸೇರಿದ್ದರು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಗುಳ್ಳೆ ರಕ್ತದಲ್ಲಿ ದಿನಗಟ್ಟಲೆ ಸುತ್ತಲಿ, ಗೆಡ್ಡೆಯನ್ನೇ ಏಕೆ ಹೊಗಬೇಕು? ಉತ್ತರ ಜಪಾನಿನಿಂದ ಬಂತು. ಕುಮಾಮೊಟೊ ವಿಶ್ವವಿದ್ಯಾಲಯದ ಯಸುಹಿರೊ ಮತ್ಸುಮುರ ಮತ್ತು ಹಿರೋಶಿ ಮಯೆದ 1986ರಲ್ಲಿ ಪ್ರಕಟಿಸಿದ ಸಂಗತಿ ಇದು: ಇಲಿಗಳ ಗೆಡ್ಡೆಯಲ್ಲಿ ದೊಡ್ಡ ಅಣುಗಳು ಬಂದು ನಿಲ್ಲುತ್ತವೆ. ಗೆಡ್ಡೆ ಅವಸರದಲ್ಲಿ ಬೆಳೆದ ಬಡಾವಣೆ ಇದ್ದಂತೆ. ನೀರಿನ ಪೈಪುಗಳನ್ನು ಹೇಗೋ ಎಳೆದಿರುತ್ತಾರೆ, ಕೂಡುಗಳಲ್ಲಿ ಸಂದು. ಚರಂಡಿಯನ್ನಂತೂ ಯಾರೂ ಕಟ್ಟಿರುವುದಿಲ್ಲ. ಆರೋಗ್ಯವಂತ ರಕ್ತನಾಳದ ಗೋಡೆಯನ್ನು ದಾಟಲಾಗದ ನೂರು ನ್ಯಾನೊಮೀಟರಿನ ಗುಳ್ಳೆ ಗೆಡ್ಡೆಯ ನಾಳದ ಸಂದಿನಲ್ಲಿ ಇಳಿಯುತ್ತದೆ. ದುಗ್ಧನಾಳದ ಚರಂಡಿ ಇಲ್ಲದ್ದರಿಂದ ಅಲ್ಲೇ ತಂಗುತ್ತದೆ. ಹೃದಯದ ನಾಳಗಳ ಗೋಡೆ ಬಿಗಿಯಾಗಿರುವುದರಿಂದ ಅಲ್ಲಿ ಇಳಿಯದು.

ಹದಾಸಾದಲ್ಲಿ ಹೊಸ ಗುಳ್ಳೆಯ ಪರೀಕ್ಷೆ ನಡೆದು 1994ರಲ್ಲಿ ವರದಿ ಬಂತು. ಸಾಮಾನ್ಯ ಡಾಕ್ಸೊರುಬಿಸಿನ್ ನಿಮಿಷಗಳಲ್ಲಿ ರಕ್ತದಿಂದ ಅಂಗಾಂಗಗಳಿಗೆ ಇಳಿದುಹೋದರೆ, ಗುಳ್ಳೆಯ ಮದ್ದು ಅರ್ಧಕ್ಕಿಳಿಯಲು ಸುಮಾರು 45 ಗಂಟೆ ತೆಗೆದುಕೊಂಡಿತು. ಕ್ಯಾನ್ಸರಿನಿಂದ ಎದೆ, ಹೊಟ್ಟೆಗಳಲ್ಲಿ ತುಂಬಿದ ನೀರನ್ನು ತೆಗೆದು ನೋಡಿದಾಗ ಮದ್ದು 4ರಿಂದ 16 ಪಟ್ಟು ಹೆಚ್ಚು ಸಿಕ್ಕಿತು. 1995ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ‘ಡಾಕ್ಸಿಲ್’ ಎಂಬ ಹೆಸರಿನ ಈ ಔಷಧಕ್ಕೆ ಒಪ್ಪಿಗೆ ಇತ್ತಿತು.

ಮೊದಲ ಒಪ್ಪಿಗೆ ದೊರೆತದ್ದು ಏಡ್ಸ್ ರೋಗಿಗಳಿಗೆ ಬರುತ್ತಿದ್ದ ಕಪೋಸಿ ಸಾರ್ಕೋಮ ಎಂಬ ಚರ್ಮದ ಕ್ಯಾನ್ಸರಿಗೆ. ಮೈಮೇಲೆ, ಮುಖದ ಮೇಲೆ ನೇರಳೆ ಕಲೆಗಳಾಗಿ ಏಳುವ ಈ ರೋಗ ಆ ಕಾಲದಲ್ಲಿ ಏಡ್ಸ್ ಬಂದಿದೆಯೆಂದು ಲೋಕಕ್ಕೆ ಸಾರುವ ಮುದ್ರೆಯಾಗಿತ್ತು. ಆ ಗೆಡ್ಡೆಯ ರಕ್ತನಾಳಗಳು ತೀರ ಸೋರುವಂಥವು. ರೋಗಿಗಳಿಗೆ ಸಾಮಾನ್ಯ ಕಿಮೋ ತಡೆಯುವ ಶಕ್ತಿಯಿರಲಿಲ್ಲ. ಗುಳ್ಳೆಗೆ ಹೇಳಿ ಮಾಡಿಸಿದ ಜಾಗ. ವಿಚಿತ್ರವೆಂದರೆ, ಮರುವರ್ಷವೇ ಏಡ್ಸ್‌ಗೆ ಹೊಸ ಸಂಯುಕ್ತ ಔಷಧಗಳು ಬಂದು ಕಪೋಸಿ ರೋಗಿಗಳ ಸಂಖ್ಯೆ ಇಳಿಯತೊಡಗಿತು. ಡಾಕ್ಸಿಲ್‌ಗೆ ಬಾಳು ಕೊಟ್ಟದ್ದು 1999ರಲ್ಲಿ ಒಪ್ಪಿಗೆ ಸಿಕ್ಕ ಅಂಡಾಶಯದ ಕ್ಯಾನ್ಸರ್.

ಹಾಗಾದರೆ ರಾಮಬಾಣ ಸಿಕ್ಕಿತೇ? 2004ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಹರಡಿದ ಸ್ತನ ಕ್ಯಾನ್ಸರಿನ 509 ಮಹಿಳೆಯರಲ್ಲಿ ಕೆಲವರಿಗೆ ಹಳೆಯ ಕೆಂಪು ಮದ್ದು, ಕೆಲವರಿಗೆ ಗುಳ್ಳೆಯ ಮದ್ದು ಕೊಡಲಾಯಿತು. ರೋಗವನ್ನು ತಡೆದ ಅವಧಿ ಎರಡರಲ್ಲೂ ಹೆಚ್ಚುಕಡಮೆ ಒಂದೇ. ಬದುಕಿದ ಅವಧಿಯೂ ಒಂದೇ, 21 ಮತ್ತು 22 ತಿಂಗಳು. ಹೃದಯದ ಹಾನಿ ಮಾತ್ರ ಹಳೆಯ ಮದ್ದಿನಲ್ಲಿ ಮೂರು ಪಟ್ಟು. ಗೆಡ್ಡೆಗೆ ಹೆಚ್ಚು ಏಟು ಬೀಳಲಿಲ್ಲ, ಹೃದಯಕ್ಕೆ ಬೀಳುತ್ತಿದ್ದ ಏಟು ತಪ್ಪಿತು. ಇದನ್ನು ಸಣ್ಣ ಲಾಭವೆಂದು ತಳ್ಳಿಹಾಕುವವರು, ಗೆಡ್ಡೆ ಕರಗಿದ ಮೇಲೆ ನಾಲ್ಕು ಮೆಟ್ಟಿಲು ಹತ್ತಲಾರದೆ ಕುಳಿತ ರೋಗಿಯನ್ನು ನೋಡಿರಲಾರರು. ಹೊಸ ತೊಂದರೆಯೂ ಹುಟ್ಟಿತು. ದಿನಗಟ್ಟಲೆ ಸುತ್ತುವ ಗುಳ್ಳೆ ಅಂಗೈ, ಅಂಗಾಲುಗಳ ಚರ್ಮದಲ್ಲಿಯೂ ಇಳಿಯುತ್ತದೆ. ಅಲ್ಲಿ ಚರ್ಮ ಕೆಂಪಾಗಿ, ಉರಿದು, ಸುಲಿಯುತ್ತದೆ. ಬಿಸಿನೀರು ಬೇಡ, ಬಿಗಿಯಾದ ಚಪ್ಪಲಿ ಬೇಡ ಎಂದು ದಾದಿಯರು ಹೇಳಿ ಕಳಿಸುವುದು ಇದಕ್ಕೇ. ಕೆಲವರಿಗೆ ಮೊದಲ ಸಲ ಹನಿ ಏರಿಸುವಾಗಲೇ ಉಸಿರು ಕಟ್ಟುವುದುಂಟು. ಹಾಗಾಗಿ ಆರಂಭದಲ್ಲಿ ನಿಧಾನವಾಗಿ ಬಿಡುತ್ತಾರೆ.

ಈ ಕಥೆಯಲ್ಲಿ ಇಷ್ಟು ಹೊತ್ತೂ ‘ನ್ಯಾನೊ ತಂತ್ರಜ್ಞಾನ’ ಎಂಬ ಮಾತು ಬಂದಿಲ್ಲ. ಆ ಮಾತಿನ ಭರಾಟೆ ಎದ್ದದ್ದು ಆಮೇಲೆ. ಡಾಕ್ಸಿಲ್‌ಗೆ ‘ಒಪ್ಪಿಗೆ ಪಡೆದ ಮೊದಲ ನ್ಯಾನೊ ಔಷಧ’ ಎಂಬ ಬಿರುದು ಹಿಂದಿನಿಂದ ಬಂದು ಅಂಟಿಕೊಂಡದ್ದು. ರಿಚರ್ಡ್ ಫೈನ್‌ಮನ್ 1959ರ ಡಿಸೆಂಬರಿನಲ್ಲಿ ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಭಾಷಣದಲ್ಲಿ, ರೋಗಿಯೇ ನುಂಗಿಬಿಡಬಹುದಾದಷ್ಟು ಚಿಕ್ಕ ಶಸ್ತ್ರವೈದ್ಯನ ಬಗ್ಗೆ ಗೆಳೆಯನೊಬ್ಬನ ತಮಾಷೆಯನ್ನು ಪ್ರಸ್ತಾಪಿಸಿದ್ದರು. ಅದೇ ಕ್ಯಾಲ್‌ಟೆಕ್‌ನಲ್ಲಿ 2000ದ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ರಾಷ್ಟ್ರೀಯ ನ್ಯಾನೊ ಯೋಜನೆಯನ್ನು ಸಾರಿದರು. ಕೆಲವೇ ಕೋಶಗಳಷ್ಟಿರುವಾಗಲೇ ಗೆಡ್ಡೆಯನ್ನು ಪತ್ತೆಹಚ್ಚುವ ದಿನದ ಮಾತಾಡಿದರು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನಿರ್ದೇಶಕರು ಕ್ಯಾನ್ಸರಿನ ಸಾವು ನೋವುಗಳನ್ನು 2015ರೊಳಗೆ ಇಲ್ಲವಾಗಿಸುವ ಗುರಿ ಇಟ್ಟರು. ಮರುವರ್ಷ ಕ್ಯಾನ್ಸರ್ ನ್ಯಾನೊ ಸಂಶೋಧನೆಗೆ ಐದು ವರ್ಷಗಳ 14 ಕೋಟಿ 43 ಲಕ್ಷ ಡಾಲರ್ ಘೋಷಣೆಯಾಯಿತು. ನಮ್ಮಲ್ಲಿ 2008ರಲ್ಲಿ ಟಾಟಾ ಕಂಪನಿ ಪುಟ್ಟ ಕಾರಿಗೇ ಆ ಹೆಸರಿಟ್ಟ ಮೇಲೆ ನ್ಯಾನೊ ಮನೆಮಾತಾಯಿತು. ಕಾರು ನಿಂತಿತು, 2015 ಬಂದು ಹೋಯಿತು.

ರೋಗಪತ್ತೆಯ ಕಡೆಯ ಕಥೆಯೂ ಇಂಥದೇ ಏರಿಳಿತದ್ದು. ಪ್ರಾಸ್ಟೇಟ್ ಕ್ಯಾನ್ಸರ್ ದುಗ್ಧಗ್ರಂಥಿಗೆ ಹರಡಿದೆಯೇ ಎಂದು ತಿಳಿಯುವುದು ಕಷ್ಟ. ಸ್ಕ್ಯಾನಿನಲ್ಲಿ ಗ್ರಂಥಿ ದೊಡ್ಡದಾಗಿದ್ದರೆ ಅನುಮಾನ, ಚಿಕ್ಕದಾಗಿದ್ದರೆ ಸಮಾಧಾನ; ಎರಡೂ ತಪ್ಪಾಗಬಹುದು. ತುಕ್ಕಿನ ಬಳಗಕ್ಕೆ ಸೇರಿದ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳನ್ನು ರಕ್ತಕ್ಕೆ ಬಿಟ್ಟರೆ, ಆರೋಗ್ಯವಂತ ಗ್ರಂಥಿಯ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ, ಎಂಆರ್‌ಐ ಚಿತ್ರದಲ್ಲಿ ಗ್ರಂಥಿ ಕಪ್ಪಾಗುತ್ತದೆ. ಕ್ಯಾನ್ಸರ್ ಆಕ್ರಮಿಸಿದ ಜಾಗದಲ್ಲಿ ನುಂಗುವವರಿಲ್ಲ. ಅದು ಬೆಳ್ಳಗೆ ಉಳಿಯುತ್ತದೆ. 2003ರಲ್ಲಿ ಪ್ರಕಟವಾದ ಬಾಸ್ಟನ್ ಮತ್ತು ನೆದರ್‌ಲೆಂಡ್ಸ್ ವೈದ್ಯರ ಅಧ್ಯಯನದಲ್ಲಿ 80 ರೋಗಿಗಳನ್ನು ನೋಡಿದಾಗ, ಬರಿಯ ಎಂಆರ್‌ಐ ರೋಗದ ಗ್ರಂಥಿಗಳಲ್ಲಿ ನೂರಕ್ಕೆ 35ನ್ನು ಹಿಡಿದರೆ, ಕಣಗಳ ನೆರವಿನಿಂದ 90ನ್ನು ಹಿಡಿಯಿತು. ಇಷ್ಟಿದ್ದೂ ಅಮೆರಿಕದ ಸಲಹಾ ಸಮಿತಿ 2005ರಲ್ಲಿ ಒಪ್ಪಲಿಲ್ಲ. ಯುರೋಪಿನಲ್ಲಿ ಸಲ್ಲಿಸಿದ್ದ ಅರ್ಜಿಯನ್ನು 2007ರಲ್ಲಿ ಕಂಪನಿ ಹಿಂದೆಗೆದುಕೊಂಡಿತು. ಮುಂದೆ ನೆದರ್‌ಲೆಂಡ್ಸಿನ ನೈಮೇಗನ್ ಊರಿನ ವೈದ್ಯರು ಅದನ್ನು ಮತ್ತೆ ಎತ್ತಿಕೊಂಡರು. ಬಂಗಾರದ ನ್ಯಾನೊ ಕಣಗಳಿಗಾದರೋ ಹೆಚ್ಚು ಅದೃಷ್ಟ: ಗರ್ಭಪರೀಕ್ಷೆಯ ಪಟ್ಟಿಯ ಮೇಲೆ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಅವುಗಳದ್ದೇ.

ಎರಡನೆಯ ಪ್ರಸಿದ್ಧ ಔಷಧದ ಹಿಂದೆ ಹರಳೆಣ್ಣೆಯಿದೆ. ಯೂ ಮರದ ತೊಗಟೆಯಿಂದ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾಣಿ 1971ರಲ್ಲಿ ರಚನೆ ಬಿಡಿಸಿಟ್ಟ ಪ್ಯಾಕ್ಲಿಟ್ಯಾಕ್ಸಲ್ ನೀರಿನಲ್ಲಿ ಕರಗದು. ಅದನ್ನು ಹರಳೆಣ್ಣೆಯಿಂದ ಮಾಡಿದ ದ್ರಾವಕದಲ್ಲಿ ಕರಗಿಸಬೇಕು. ಆ ದ್ರಾವಕ ಕೆಲವರಿಗೆ ಭೀಕರ ಅಲರ್ಜಿ ತರುತ್ತದೆ. 2005ರಲ್ಲಿ ಬಂದ ಅಬ್ರಾಕ್ಸೇನ್ ಎಣ್ಣೆಯ ಹಂಗು ಬಿಟ್ಟು, ರಕ್ತದಲ್ಲಿಯೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಮದ್ದನ್ನು ಸೇರಿಸಿ 130 ನ್ಯಾನೊಮೀಟರಿನ ಕಣವಾಗಿಸಿತು. ಮೇದೋಜೀರಕದ ಕ್ಯಾನ್ಸರಿನಲ್ಲಿ ಹಳೆಯ ಔಷಧದ ಜೊತೆ ಇದನ್ನು ಸೇರಿಸಿದಾಗ ಬದುಕಿನ ಅವಧಿ 6.7 ತಿಂಗಳಿನಿಂದ 8.5 ತಿಂಗಳಿಗೇರಿತು. ಎಂಟು ವಾರಕ್ಕೂ ಕಡಿಮೆ. ಆ ರೋಗದಲ್ಲಿ ಅದೇ ದೊಡ್ಡ ಸುದ್ದಿ.

ಗೆಡ್ಡೆಯ ಗುರುತು ಹಿಡಿಯುವ ಅಣುಗಳನ್ನೇ ಮೈಗಂಟಿಸಿಕೊಂಡ ಕಣಗಳ ಮೇಲೆ ದೊಡ್ಡ ಆಸೆಯಿತ್ತು. ಹೆಸರಾಂತ ರಾಬರ್ಟ್ ಲ್ಯಾಂಗರ್ ಸ್ಥಾಪಕರಲ್ಲೊಬ್ಬರಾಗಿದ್ದ ಬೈಂಡ್ ಥೆರಪ್ಯೂಟಿಕ್ಸ್ ಅಂಥ ಔಷಧವನ್ನು ಮನುಷ್ಯರ ಮೇಲಿನ ಪ್ರಯೋಗದವರೆಗೆ ತಂದು, 2016ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಟೊರಾಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷಗಳಲ್ಲಿ ಪ್ರಕಟವಾದ 117 ಪ್ರಬಂಧಗಳ ಲೆಕ್ಕ ಹಾಕಿತು. ಪ್ರಾಣಿಗಳಿಗೆ ಚುಚ್ಚಿದ ನ್ಯಾನೊ ಕಣಗಳಲ್ಲಿ ಗೆಡ್ಡೆ ತಲುಪಿದ್ದು ನೂರಕ್ಕೆ 0.7 ಭಾಗ ಮಾತ್ರ, ಸಾವಿರಕ್ಕೆ ಏಳು. ಉಳಿದದ್ದರಲ್ಲಿ ಬಹುಪಾಲು ಹಳೆಯ ಗೆಳೆಯ ಪಿತ್ತಜನಕಾಂಗಕ್ಕೆ. ಕೆಲವರು ಲೆಕ್ಕದ ರೀತಿಯನ್ನೇ ಆಕ್ಷೇಪಿಸಿದರು. ಚಾನ್ ತಂಡ 2020ರಲ್ಲಿ ಇನ್ನೊಂದು ಕಲ್ಲೆಸೆಯಿತು: ಕಣಗಳು ಗೆಡ್ಡೆಗೆ ಇಳಿಯುವುದು ಬಹುಪಾಲು ಸಂದುಗಳಿಂದಲ್ಲ, ರಕ್ತನಾಳದ ಗೋಡೆಯ ಕೋಶಗಳೇ ಅವನ್ನು ಒಳಗೆ ಸಾಗಿಸುತ್ತವೆ. ಇಲಿಯ ಗೆಡ್ಡೆ ವಾರಗಳಲ್ಲಿ ಬೆಳೆಯುವಂಥದು, ಮನುಷ್ಯನದು ವರ್ಷಗಳಲ್ಲಿ. ಒಬ್ಬ ರೋಗಿಯ ಗೆಡ್ಡೆ ಸೋರಿದಂತೆ ಇನ್ನೊಬ್ಬರದು ಸೋರುವುದಿಲ್ಲ. ಮಯೆದ ಅವರ ಸೊಗಸಾದ ಬಡಾವಣೆಯ ಚಿತ್ರ ಸುಳ್ಳಾಗದಿದ್ದರೂ ಮಸುಕಾಯಿತು.

ಇದರ ನಡುವೆ ಡಾಕ್ಸಿಲ್ಲೇ ಮಾಯವಾದ ಪ್ರಸಂಗ ನಡೆಯಿತು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಕೈಗೆ ಬಂದಿದ್ದ ಈ ಔಷಧವನ್ನು ಒಹಾಯೋದ ಬೆನ್ ವೆನ್ಯೂ ಕಾರ್ಖಾನೆ ತಯಾರಿಸಿಕೊಡುತ್ತಿತ್ತು. 2011ರಲ್ಲಿ ಅಲ್ಲಿ ಉತ್ಪಾದನೆ ಕುಂಠಿತವಾಗಿ, ಕೊನೆಗೆ ನಿಂತೇಹೋಯಿತು. ಪೇಟೆಂಟ್ ಮುಗಿದಿದ್ದರೂ ಅಮೆರಿಕದಲ್ಲಿ ಬೇರೆ ಯಾರೂ ಅದನ್ನು ಮಾಡುತ್ತಿರಲಿಲ್ಲ. ಮಾತ್ರೆ ಒತ್ತಿದಷ್ಟು ಸುಲಭವಲ್ಲ, ಗುಳ್ಳೆಯ ಗಾತ್ರ, ಹೊದಿಕೆ, ಒಳಗಿನ ಹರಳು ಎಲ್ಲ ಹಾಗೆಯೇ ಬರಬೇಕು. ಅಂಡಾಶಯದ ಕ್ಯಾನ್ಸರಿನ ಚಿಕಿತ್ಸೆಯ ನಡುವಿದ್ದ ಮಹಿಳೆಯರು ಸರದಿ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕಾಯಿತು. 2012ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ಆಡಳಿತ, ತನ್ನಲ್ಲಿ ಒಪ್ಪಿಗೆಯೇ ಪಡೆಯದ ‘ಲಿಪೊಡಾಕ್ಸ್’ ಎಂಬ ಮದ್ದನ್ನು ತಾತ್ಕಾಲಿಕವಾಗಿ ತರಿಸಿಕೊಳ್ಳಲು ಅನುಮತಿಸಿತು. ತರಿಸಿದ್ದು ಭಾರತದ ಸನ್ ಫಾರ್ಮಾದಿಂದ. ಮರುವರ್ಷದ ಫೆಬ್ರುವರಿಯಲ್ಲಿ ಅದೇ ಕಂಪನಿಯ ಔಷಧಕ್ಕೆ ಡಾಕ್ಸಿಲ್‌ನ ಮೊದಲ ಜನರಿಕ್ ಎಂಬ ಪೂರ್ಣ ಒಪ್ಪಿಗೆ ದೊರೆಯಿತು.

ಗುಳ್ಳೆಯ ವಂಶ ಅಷ್ಟಕ್ಕೆ ನಿಲ್ಲಲಿಲ್ಲ. 2017ರಲ್ಲಿ ಒಪ್ಪಿಗೆ ಪಡೆದ ವಿಕ್ಸಿಯೋಸ್ ಒಂದೇ ಗುಳ್ಳೆಯಲ್ಲಿ ಎರಡು ಮದ್ದುಗಳನ್ನು ನಿಗದಿತ ಪ್ರಮಾಣದಲ್ಲಿ ಹೊತ್ತು, ವಯಸ್ಸಾದವರ ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ ಬದುಕಿನ ಅವಧಿಯನ್ನು ಸುಮಾರು 6 ತಿಂಗಳಿನಿಂದ ಒಂಬತ್ತೂವರೆ ತಿಂಗಳಿಗೆ ಏರಿಸಿತು. ಅದೇ ವ್ಯಾಂಕೂವರ್ ನಗರದಲ್ಲಿ, ಡಾಕ್ಸೊರುಬಿಸಿನ್ನನ್ನು ಗುಳ್ಳೆಗೆ ತುಂಬುವ ಇನ್ನೊಂದು ದಾರಿ ಹುಡುಕಿದ್ದ ಪೀಟರ್ ಕಲ್ಲಿಸ್, ಮುಂದೆ ಆರ್‌ಎನ್‌ಎ ತುಂಬುವ ಕೊಬ್ಬಿನ ಕಣಗಳಿಗೆ ಕೈಹಾಕಿದರು. 2018ರಲ್ಲಿ ಅಂಥ ಮೊದಲ ಔಷಧ ಬಂದದ್ದು ಅನುವಂಶೀಯ ನರರೋಗವೊಂದಕ್ಕೆ. ಪಿತ್ತಜನಕಾಂಗಕ್ಕೇ ಹೋಗಬೇಕಾದ ಔಷಧ ಅದು. ಅದರ ಕಣಗಳು ಅಲ್ಲಿಗೇ ಹೋದವು. ಎರಡು ವರ್ಷದ ನಂತರ ಫೈಜರ್ ಮತ್ತು ಮಾಡರ್ನ ಕಂಪನಿಗಳ ಕೋವಿಡ್ ಲಸಿಕೆಗಳು ಬಂದದ್ದು ಅದೇ ಜಾತಿಯ ಕಣಗಳಲ್ಲಿ, ಅದೇ ಗ್ಲೈಕಾಲಿನ ಹೊದಿಕೆ ಹೊದ್ದು. ಬ್ಯಾಂಗಮ್ 2010ರಲ್ಲಿಯೇ ತೀರಿಕೊಂಡಿದ್ದರು. 2023ರ ಕೊನೆಯ ವೇಳೆಗೆ ಆ ಕಣಗಳು ಮತ್ತೆ ಕ್ಯಾನ್ಸರಿಗೆ ಮರಳಿದ್ದವು: ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ 157 ರೋಗಿಗಳಲ್ಲಿ, ಪ್ರತಿಯೊಬ್ಬರ ಗೆಡ್ಡೆಯ ಗುರುತುಗಳನ್ನು ಓದಿ ಬೇರೆಬೇರೆಯಾಗಿ ಬರೆದ ಲಸಿಕೆಯ ಮೊದಲ ಹೋಲಿಕೆ ಮುಗಿದು, ರೋಗ ಮರುಕಳಿಸುವ ಇಲ್ಲವೇ ಸಾಯುವ ಅಪಾಯ ನೂರಕ್ಕೆ 44ರಷ್ಟು ತಗ್ಗಿದ ವರದಿ ಬಂದಿತ್ತು, ದೊಡ್ಡ ಪ್ರಯೋಗ ಶುರುವಾಗಿತ್ತು.